ದೋಷ ಕಣ್ಣಿನದೋ, ದುರ್ಬೀನಿನದೋ?

ಹೊಸದಾಗಿ ಕೊಂಡ ಜೋಡಿ ದುರ್ಬೀನಿನಲ್ಲಿ ಕುಂದು ಕಂಡುಬಂದರೆ ಮಾಡತಕ್ಕುದೇನು?

ಜೋಡಿ ದುರ್ಬೀನು, ಅರ್ಥಾತ್ ಬೈನಾಕ್ಯುಲರ್ ಎಂಬುದು ಸೇನಾಧಿಕಾರಿಗಳಿಗೂ ಕುದುರೆ ಜೂಜಿನ ಶ್ರೀಮಂತರಿಗೂ ಮಾತ್ರ ಸಲ್ಲತಕ್ಕ ವಸ್ತುವೆಂದು ತಿಳಿದವರು ನಮ್ಮವರಲ್ಲಿ ಇನ್ನೂ ಇದ್ದಾರೆ. ಗ್ರಾಂಟ್ ರೋಡಿನಿಂದ ಎರಡೇ ಸ್ಟೇಶನ್ ಆಚೆಗಿರುವ ಮಹಾಲಕ್ಷ್ಮಿಯ ರೇಸ್ ಕೋರ್ಸನ್ನು ಕಂಡವರಿಗೆ ಹಾಗೆನಿಸುವುದು ಸಹಜವೇ. ಆದರೆ ಕಾಲ ಬದಲಾಗಿದೆ. ಚಳಿಗಾಲದ ಭಾನುವಾರಗಳಲ್ಲಿ ಶಿವಡಿಯ ಕೆಸರುನೆಲದಲ್ಲಿ ಇಳಿಯುವ ರಾಜಹಂಸಗಳನ್ನು ನೋಡಲು ಹೋಗುವ ಗುಮಾಸ್ತರು ನಮ್ಮಲ್ಲಿದ್ದಾರೆ. ಊರಿಗೆ ಹೋಗುವಾಗ, ಕಡಲ ತಡಿಯಲ್ಲಿ ಕುಳಿತು ದೋಣಿಗಳ ದಾರಿ ಕಾಯುವ ತಂದೆಗೆಂದು ಒಂದು ದುರ್ಬೀನನ್ನು ಪೆಟ್ಟಿಗೆಯಲ್ಲಿಟ್ಟು ಒಯ್ಯುವ ಹೋಟೆಲ್ ನೌಕರರೂ ಇದ್ದಾರೆ. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು (1896–1987) ಬಾಲ್ಯವನ್ನು ಕಳೆದುದು ಗ್ರಾಂಟ್ ರೋಡಿಗೆ ಸಮೀಪದ ಖೇತವಾಡಿಯಲ್ಲಿ. ದೂರದ್ದನ್ನು ಹತ್ತಿರಕ್ಕೆ ತಂದುಕೊಂಡು ನೋಡಬೇಕೆಂಬ ಆಸೆ ನಮ್ಮ ಓಣಿಗಳಿಗೆ ಹೊಸದೇನೂ ಅಲ್ಲ.

ಆದರೆ ಒಂದು ಸಂಗತಿ ನಮ್ಮ ಗಮನಕ್ಕೆ ಮತ್ತೆ ಮತ್ತೆ ಬಂದಿದೆ. ಹೊಟ್ಟೆಬಟ್ಟೆ ಕಟ್ಟಿ ಕೂಡಿಟ್ಟ ಹಣದಿಂದ ಕೊಂಡ ದುರ್ಬೀನು ಒಂದೆರಡು ವಾರಗಳಲ್ಲಿಯೇ ಟ್ರಂಕಿನ ತಳ ಸೇರುತ್ತದೆ. ಕಾರಣ ಕೇಳಿದರೆ, “ಅದು ನನ್ನ ಕಣ್ಣಿಗೆ ಹಿಡಿಸಲಿಲ್ಲ” ಎಂಬ ಉತ್ತರ ಬರುತ್ತದೆ. ನಿಜಕ್ಕೂ ಹಿಡಿಸದೆ ಹೋದುದು ಕಣ್ಣಿಗೋ, ಅಥವಾ ಕಾರಖಾನೆಯಲ್ಲಿಯೇ ವಸ್ತು ಕೆಟ್ಟು ಬಂದಿತ್ತೋ ಎಂದು ವಿಚಾರಿಸಿದವರು ವಿರಳ. ಈ ವಿಚಾರಣೆಯನ್ನು ಹೇಗೆ ಮಾಡಬೇಕು, ಮಾಡಿದ ಮೇಲೆ ಹಣವನ್ನೋ ಬೇರೆ ವಸ್ತುವನ್ನೋ ಹೇಗೆ ಪಡೆಯಬೇಕು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಎರಡು ಕೊಳವೆ, ಒಂದೇ ನೋಟ

ಜೋಡಿ ದುರ್ಬೀನೆಂದರೆ ಅಕ್ಕಪಕ್ಕ ಕಟ್ಟಿದ ಎರಡು ದುರ್ಬೀನುಗಳೇ ಸರಿ. ಮುಂದಿನ ದೊಡ್ಡ ಗಾಜು ದೂರದ ವಸ್ತುವಿನ ಬಿಂಬವನ್ನು ತಲೆಕೆಳಗಾಗಿ ಮೂಡಿಸುತ್ತದೆ. ಅದನ್ನು ನೆಟ್ಟಗೆ ಮಾಡುವುದಕ್ಕಾಗಿ ಒಳಗೆ ಪ್ರಿಸಮ್ ಎಂಬ ಮೂಲೆಗಾಜುಗಳನ್ನು ಕೂರಿಸಿರುತ್ತಾರೆ. ಇಟಲಿಯ ಇಗ್ನಾಜಿಯೊ ಪೊರ್ರೊ ಎಂಬವರು 1854ರಲ್ಲಿ ಈ ಉಪಾಯಕ್ಕೆ ಹಕ್ಕುಪತ್ರ ಪಡೆದರು. ಜರ್ಮನಿಯ ಯೇನಾ ಪಟ್ಟಣದ ಕಾರ್ಲ್ ಝೈಸ್ ಕಾರಖಾನೆಯು 1894ರಿಂದ ಇಂತಹ ಜೋಡಿ ದುರ್ಬೀನುಗಳನ್ನು ಮಾರಾಟಕ್ಕೆ ತಂದಿತು. ಇಂದಿಗೂ ನಡು ಉಬ್ಬಿದ ಆಕಾರದ ದುರ್ಬೀನುಗಳೆಲ್ಲ ಹೆಚ್ಚುಕಡಿಮೆ ಅದೇ ಮಾದರಿಯವು.

ಎರಡು ಕೊಳವೆಗಳೂ ಒಂದೇ ಬಿಂದುವನ್ನು ದಿಟ್ಟಿಸಬೇಕಾದುದು ಇದರ ಮೂಲನಿಯಮ. ಒಳಗಿನ ಒಂದು ಪ್ರಿಸಮ್ ಕೂದಲೆಳೆಯಷ್ಟು ಜರುಗಿದರೂ ಒಂದು ಕೊಳವೆ ಒಂದು ಕಡೆ, ಇನ್ನೊಂದು ಕೊಳವೆ ಮತ್ತೊಂದು ಕಡೆ ನೋಡತೊಡಗುತ್ತವೆ. ಆಗ ನಮ್ಮ ಕಣ್ಣುಗಳು ಆ ಎರಡು ಬಿಂಬಗಳನ್ನು ಬಲವಂತವಾಗಿ ಒಂದು ಮಾಡಲು ಹೆಣಗುತ್ತವೆ. ಪುಸ್ತಕ ಓದುವಾಗ ಎರಡೂ ಕಣ್ಣುಗಳು ಸ್ವಲ್ಪ ಒಳಕ್ಕೆ ತಿರುಗುವ ಅಭ್ಯಾಸವಿರುವುದರಿಂದ ಆ ದಿಕ್ಕಿನ ತಪ್ಪನ್ನು ಅವು ಕೆಲಮಟ್ಟಿಗೆ ಸಹಿಸುತ್ತವೆ. ಆದರೆ ಒಂದು ಕಣ್ಣು ಮೇಲಕ್ಕೂ ಇನ್ನೊಂದು ಕೆಳಕ್ಕೂ ನೋಡುವುದು ನಿಸರ್ಗಕ್ಕೆ ಹೊಂದದು. ಆದುದರಿಂದಲೇ ಇಂತಹ ದುರ್ಬೀನನ್ನು ಅಂಗಡಿಯಲ್ಲಿ ಅರೆನಿಮಿಷ ನೋಡಿದಾಗ ಏನೂ ತೋರದು. ಮನೆಗೆ ತಂದು ಹತ್ತು ನಿಮಿಷ ನೋಡಿದಾಗ ತಲೆನೋವು ಆರಂಭವಾಗುತ್ತದೆ. ಈ ದೋಷದ ಕಪಟವೇ ಇದು: ಕುಂದು ಗಾಜಿನಲ್ಲಿ, ನೋವು ಹಣೆಯಲ್ಲಿ.

ಒಬ್ಬ ಮಾಣಿಯ ಅನುಭವ

ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ ದುಡಿಯುವ ಕುಂದಾಪುರದ ಕಡೆಯ ತರುಣನೊಬ್ಬನು ಅರ್ಧ ತಿಂಗಳ ಸಂಬಳ ಕೊಟ್ಟು ನಗರದ ಒಂದು ಅಂಗಡಿಯಿಂದ ದುರ್ಬೀನನ್ನು ಕೊಂಡನು. ರಾತ್ರಿ ಬಾಗಿಲು ಹಾಕಿದ ಮೇಲೆ ಗಚ್ಚಿಗೆ ಹೋಗಿ ಚಂದ್ರನನ್ನು ನೋಡಿದರೆ ತಲೆ ಸಿಡಿಯುವಷ್ಟು ನೋವು. ವರ್ಷಗಟ್ಟಲೆ ಒಲೆಯ ಹೊಗೆ ಮತ್ತು ಚಹದ ಹಬೆಯ ನಡುವೆ ದುಡಿದುದರಿಂದ ತನ್ನ ಕಣ್ಣುಗಳೇ ಕೆಟ್ಟಿವೆಯೆಂದು ಅವನು ಹೆದರಿದನು. ಕಣ್ಣಿನ ವೈದ್ಯರಲ್ಲಿಗೆ ಹೋದರೆ, ಅವರು ಪರೀಕ್ಷಿಸಿ, ಕಣ್ಣುಗಳು ಚೆನ್ನಾಗಿವೆ, ಕನ್ನಡಕದ ಅಗತ್ಯವೂ ಇಲ್ಲವೆಂದರು. ಆಗಲೂ ಅವನಿಗೆ ದುರ್ಬೀನಿನ ಮೇಲೆ ಸಂಶಯ ಬರಲಿಲ್ಲ. “ದೊಡ್ಡ ಕಾರಖಾನೆಯವರು ಮಾಡಿದ್ದು ಸ್ವಾಮಿ, ಅದು ತಪ್ಪಿರಲಿಕ್ಕಿಲ್ಲ” ಎಂದು ಅವನು ನಮ್ಮೊಡನೆ ಅಂದನು.

ನಾವು ಅವನನ್ನು ಗಿರಗಾಂವ್ ಚೌಪಾಟಿಗೆ ಕರೆದೊಯ್ದು, ಹಗಲು ಬೆಳಕಿನಲ್ಲಿ, ಬಾನೂ ಕಡಲೂ ಕೂಡುವ ಗೆರೆಯನ್ನು ನೋಡಹೇಳಿದೆವು. ದುರ್ಬೀನನ್ನು ಕಣ್ಣಿನಿಂದ ಸ್ವಲ್ಪ ದೂರ ಹಿಡಿದಾಗ ಎಡದ ವೃತ್ತದಲ್ಲಿ ಗೆರೆ ನಡುವೆ ಇತ್ತು. ಬಲದ ವೃತ್ತದಲ್ಲಿ ಅದೇ ಗೆರೆ ಸ್ಪಷ್ಟವಾಗಿ ಮೇಲಿತ್ತು. ಹೇಳಬೇಕಾದುದನ್ನೆಲ್ಲ ಆ ಗೆರೆಯೇ ಹೇಳಿತು.

ದೊಡ್ಡವರು ಮಾಡಿದ್ದರಲ್ಲಿ ತಪ್ಪಿರದೆಂಬ ನಂಬಿಕೆ ನಮ್ಮ ಮಾಣಿಯದು ಮಾತ್ರವಲ್ಲ. ಅಮೆರಿಕದವರು 1990ರ ಏಪ್ರಿಲಿನಲ್ಲಿ ಹಬಲ್ ಎಂಬ ಮಹಾ ದೂರದರ್ಶಕವನ್ನು ಅಂತರಿಕ್ಷಕ್ಕೆ ಕಳುಹಿಸಿದರು. 2.4 ಮೀಟರ್ ಅಗಲದ ಅದರ ಮುಖ್ಯ ಕನ್ನಡಿಯು ಅಂಚಿನಲ್ಲಿ ಬೇಕಾದುದಕ್ಕಿಂತ ಮಿಲಿಮೀಟರಿನ ಸಾವಿರದ ಎರಡು ಪಾಲಿನಷ್ಟು ಚಪ್ಪಟೆಯಾಗಿತ್ತು; ಚಿತ್ರಗಳು ಮಬ್ಬಾಗಿ ಬಂದವು. ಕನ್ನಡಿಯನ್ನು ಅಳೆಯುವ ಉಪಕರಣದಲ್ಲಿಯೇ ಒಂದು ಗಾಜು 1.3 ಮಿಲಿಮೀಟರ್ ತಪ್ಪು ಸ್ಥಳದಲ್ಲಿ ಕುಳಿತಿತ್ತೆಂದು ಅನಂತರ ತಿಳಿಯಿತು. ಕಾರಖಾನೆಯಲ್ಲಿ ಮಾಡಿದ ಬೇರೆ ಪರೀಕ್ಷೆಗಳು ಈ ತಪ್ಪನ್ನು ಮೊದಲೇ ತೋರಿಸಿದ್ದವು. ಆದರೆ ದೊಡ್ಡ ಉಪಕರಣವೇ ಸರಿ, ಸಣ್ಣವು ತಪ್ಪು ಎಂದು ಅವನ್ನು ಕಡೆಗಣಿಸಲಾಯಿತು. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ ಅದನ್ನು ಸರಿಪಡಿಸಬೇಕಾಯಿತು. ಅಷ್ಟು ದೊಡ್ಡವರ ಕೈಯಲ್ಲಿಯೇ ಹೀಗಾಗಬಹುದಾದರೆ, ಸಾವಿರಗಟ್ಟಲೆ ಡಬ್ಬಗಳಲ್ಲಿ ಬರುವ ಅಗ್ಗದ ದುರ್ಬೀನುಗಳ ಮಾತೇನು? ತಪ್ಪಾಗುವುದು ಅಪರಾಧವಲ್ಲ, ತಪ್ಪನ್ನು ತೋರಿಸಿದವನ ಮಾತನ್ನು ಅಲ್ಲಗಳೆಯುವುದು ಅಪರಾಧ.

ಮೊದಲ ವಾರದಲ್ಲಿಯೇ ಮಾಡತಕ್ಕ ಪರೀಕ್ಷೆಗಳು

ದುರ್ಬೀನನ್ನು ತಂದ ಮೊದಲ ವಾರದಲ್ಲಿಯೇ, ಹಗಲಿನಲ್ಲಿ, ಈ ಕೆಳಗಿನ ಪರೀಕ್ಷೆಗಳನ್ನು ಮಾಡುವುದು ಒಳ್ಳೆಯದು. ಸೂರ್ಯನತ್ತ ಮಾತ್ರ ಎಂದಿಗೂ ತಿರುಗಿಸಬಾರದು. ಕ್ಷಣಮಾತ್ರದಲ್ಲಿ ಕಣ್ಣು ಶಾಶ್ವತವಾಗಿ ಕೆಡಬಹುದು.

ಮೊದಲನೆಯದಾಗಿ, ಕಿವಿಯ ಬಳಿ ಹಿಡಿದು ಮೆಲ್ಲನೆ ಅಲುಗಿಸಿರಿ. ಒಳಗೆ ಏನಾದರೂ ಕಟಕಟ ಎಂದರೆ ಸಡಿಲವಾದ ಭಾಗವಿದೆಯೆಂದು ತಿಳಿಯಬೇಕು. ನಡುವಿನ ಕೀಲು ಒಂದೇ ಹದದ ಬಿಗಿಯಲ್ಲಿ ತೆರೆದು ಮುಚ್ಚಬೇಕು. ಬಿಂಬವನ್ನು ಸ್ಪಷ್ಟಗೊಳಿಸುವ ಗಾಲಿಯನ್ನು ತಿರುಗಿಸಿದಾಗ ಎರಡೂ ಬದಿ ಸಮನಾಗಿ ಚಲಿಸಬೇಕು.

ಎರಡನೆಯದಾಗಿ, ದೊಡ್ಡ ಗಾಜಿನ ಕಡೆಯಿಂದ ಬೆಳಕಿಗೆ ಹಿಡಿದು ಒಳಗೆ ನೋಡಿರಿ. ಒಂದೆರಡು ಧೂಳಿನ ಕಣಗಳಿಂದ ಬಾಧಕವಿಲ್ಲ. ಆದರೆ ಒಡೆದ ಮೂಲೆ, ಅಂಟಿನ ಕಲೆ, ಜೇಡರ ಬಲೆಯಂತಹ ಬೂಷ್ಟು ಕಂಡರೆ ಅದು ಹೊಸ ವಸ್ತುವಿಗೆ ಸಲ್ಲದ ಲಕ್ಷಣ.

ಮೂರನೆಯದಾಗಿ, ಎರಡು ಕಣ್ಣುಗಳಿಗೂ ಹೊಂದಿಸುವ ಕ್ರಮ. ಬಲಗಣ್ಣನ್ನು ಮುಚ್ಚಿ, ನಡುವಣ ಗಾಲಿಯಿಂದ ಎಡಗಣ್ಣಿಗೆ ನೋಟವನ್ನು ತಿಳಿಗೊಳಿಸಿರಿ. ಆಮೇಲೆ ಎಡಗಣ್ಣನ್ನು ಮುಚ್ಚಿ, ಬಲಗಡೆಯ ಕಣ್ಣುಗಾಜಿನ ಬಳೆಯನ್ನು ಮಾತ್ರ ತಿರುಗಿಸಿ ಬಲಗಣ್ಣಿಗೆ ತಿಳಿಗೊಳಿಸಿರಿ. ಇದನ್ನು ಮಾಡದೆಯೇ ‘ಮಬ್ಬಾಗಿದೆ’ ಎಂದು ದೂರುವುದು ಅಂಗಡಿಯವರಿಗೆ ಅನ್ಯಾಯ.

ನಾಲ್ಕನೆಯದು ಮುಖ್ಯವಾದುದು. ದೂರದ ಅಡ್ಡಗೆರೆಯೊಂದನ್ನು ಆರಿಸಿಕೊಳ್ಳಿರಿ. ಕಟ್ಟಡದ ಮಾಡಿನ ಅಂಚಾಗಲಿ, ಕಡಲಿನ ಗೆರೆಯಾಗಲಿ ಆದೀತು. ಅದನ್ನು ನೋಡುತ್ತ ದುರ್ಬೀನನ್ನು ಕಣ್ಣಿನಿಂದ ಮೆಲ್ಲಗೆ ಗೇಣಿನಷ್ಟು ದೂರಕ್ಕೆ ತನ್ನಿರಿ. ಎರಡು ವೃತ್ತಗಳಲ್ಲಿಯೂ ಗೆರೆ ಒಂದೇ ಎತ್ತರದಲ್ಲಿರಬೇಕು. ಇನ್ನೊಂದು ಉಪಾಯವೂ ಉಂಟು. ದುರ್ಬೀನಿನಲ್ಲಿ ನೋಡುತ್ತಿರುವಾಗಲೇ ಕಣ್ಣುಗಳನ್ನು ಮುಚ್ಚಿ, ಎರಡು ಎಣಿಸಿ ತೆರೆಯಿರಿ. ತೆರೆದ ಕ್ಷಣ ಎರಡು ಬಿಂಬಗಳು ಕಂಡು ಅನಂತರ ಒಂದಾದರೆ, ಕೊಳವೆಗಳು ಓರೆಯಾಗಿವೆಯೆಂದೇ ಅರ್ಥ.

ಐದನೆಯದು ಲೆಕ್ಕಪತ್ರದವರಿಗೆ ಮೆಚ್ಚಿಕೆಯಾದೀತು. ದುರ್ಬೀನಿನ ಮೇಲೆ 8×30 ಎಂದು ಬರೆದಿದ್ದರೆ, ಅದು ಎಂಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಮುಂದಿನ ಗಾಜು 30 ಮಿಲಿಮೀಟರ್ ಅಗಲವಿದೆ ಎಂದರ್ಥ. ದುರ್ಬೀನನ್ನು ಬೆಳಕಾದ ಆಕಾಶದತ್ತ, ಸೂರ್ಯನಿಗೆ ಬೆನ್ನು ಹಾಕಿ, ತೋಳಿನಳತೆಯ ದೂರದಲ್ಲಿ ಹಿಡಿದರೆ ಕಣ್ಣುಗಾಜಿನಲ್ಲಿ ಸಣ್ಣ ಬೆಳಕಿನ ಬಿಲ್ಲೆಯೊಂದು ತೋರುತ್ತದೆ. ಅದರ ಅಗಲ 30ನ್ನು 8ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 3.75 ಮಿಲಿಮೀಟರ್ ಇರಬೇಕು. ಇದನ್ನೇ ತಿರುಗಿಸಿ ಲೆಕ್ಕ ಹಾಕಬಹುದು. ಡಬ್ಬದ ಮೇಲೆ 30×50 ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿದೆ. ಗಾಜು 50 ಮಿಲಿಮೀಟರ್ ಇದೆ. ಆದರೆ ಬೆಳಕಿನ ಬಿಲ್ಲೆ 5 ಮಿಲಿಮೀಟರ್ ಅಳತೆಗೆ ಬಂತು ಎಂದಿಟ್ಟುಕೊಳ್ಳೋಣ. ಆಗ ಅದರ ಶಕ್ತಿ ಹತ್ತು ಪಟ್ಟಿಗಿಂತ ಹೆಚ್ಚಿರಲಾರದು. ಮೂವತ್ತೆಂಬುದು ಬರಿಯ ಬಾಯಿಮಾತು. ಒಂದು ಅಡಿಪಟ್ಟಿಯಿಂದ ಈ ಸುಳ್ಳನ್ನು ಹಿಡಿಯಬಹುದಾಗಿದೆ.

ಕುಂದು ಬೇರೆ, ಕೀಳು ದರ್ಜೆ ಬೇರೆ

ಇಲ್ಲಿ ನ್ಯಾಯವಾದ ಒಂದು ಭೇದವನ್ನು ಹೇಳಲೇಬೇಕು. ಕಡಿಮೆ ಬೆಲೆಯ ದುರ್ಬೀನಿನಲ್ಲಿ ನೋಟದ ಅಂಚು ಸ್ವಲ್ಪ ಮಬ್ಬಾಗಿರುವುದು, ಬಿಳಿಯ ಗೋಡೆಯ ಅಂಚಿಗೆ ನೀಲಿ ನೇರಳೆಯ ಛಾಯೆ ತೋರುವುದು, ಕೆಂಪು ಲೇಪದ ಗಾಜಿನಲ್ಲಿ ಜಗತ್ತು ತುಸು ನೀಲಿಯಾಗಿ ಕಾಣುವುದು, ಇವೆಲ್ಲ ದರ್ಜೆಯ ಮಾತು. ಒಂದು ರೂಪಾಯಿಗೆ ಒಂದು ರೂಪಾಯಿಯ ರುಚಿ. ಹತ್ತು ಪಟ್ಟಿಗಿಂತ ಹೆಚ್ಚಿನ ಶಕ್ತಿಯದನ್ನು ಕೈಯಲ್ಲಿ ಹಿಡಿದು ನೋಡಿದಾಗ ನೋಟ ನಡುಗುವುದು ಕೈಯ ಸಹಜ ಕಂಪನದಿಂದ. ಮಳೆಗಾಲದ ಮುಂಬಯಿಯಲ್ಲಿ ತಿಂಗಳುಗಟ್ಟಲೆ ಚರ್ಮದ ಚೀಲದಲ್ಲಿ ಮುಚ್ಚಿಟ್ಟರೆ ಗಾಜಿಗೆ ಬೂಷ್ಟು ಹಿಡಿಯುವುದು ನಮ್ಮ ಅಜಾಗ್ರತೆಯಿಂದ. ತೇವ ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣವೊಂದನ್ನು ಜೊತೆಗಿಟ್ಟು, ಆಗಾಗ ಗಾಳಿಯಾಡಿಸುವುದು ಅದಕ್ಕೆ ಮದ್ದು. ಕೈಯಿಂದ ಬಿದ್ದು ಕೆಟ್ಟುದನ್ನು ಕಾರಖಾನೆಯ ತಲೆಗೆ ಕಟ್ಟುವುದಂತೂ ಸರ್ವಥಾ ಸಲ್ಲದು.

ಆದರೆ ಕೊಳವೆಗಳು ಓರೆಯಾಗಿರುವುದು, ಪ್ರಿಸಮ್ ಒಡೆದಿರುವುದು, ಗಾಲಿ ಜಾರುವುದು, ನೀರು ಹೋಗದೆಂದು ಬರೆದ ದುರ್ಬೀನಿನ ಒಳಗೇ ಮಂಜು ಕಟ್ಟುವುದು ಇವು ಕುಂದುಗಳು. ಬರೆದ ಶಕ್ತಿ ಇಲ್ಲದಿರುವುದು ಕುಂದಿಗಿಂತಲೂ ಮಿಗಿಲಾದುದು, ಅದು ವಂಚನೆ. ಬೆಲೆ ಅಗ್ಗವಾಯಿತೆಂದು ಇವನ್ನು ಸಹಿಸಬೇಕಾದ ಕಾರಣವಿಲ್ಲ. ಅಗ್ಗದ ಹೋಟೆಲಿನ ಅನ್ನ ದಪ್ಪಕ್ಕಿಯದಾಗಿರಬಹುದು, ಹಳಸಿರಬಾರದು.

ಕುಂದು ಕಂಡೊಡನೆ ಮಾಡಬಾರದ ಕೆಲಸವೊಂದಿದೆ: ತಿರುಪನ್ನು ಬಿಚ್ಚುವುದು. ನಮ್ಮವರಲ್ಲಿ ಕೈಚಳಕದವರು ಬಹಳ. ಮಿಕ್ಸರನ್ನು ಬಿಚ್ಚಿ ಕೂಡಿಸಿದವರಿಗೆ ದುರ್ಬೀನು ಯಾವ ಲೆಕ್ಕ ಎನಿಸೀತು. ಆದರೆ ಪ್ರಿಸಮ್ ಒಮ್ಮೆ ಕದಲಿದರೆ ಉಪಕರಣವಿಲ್ಲದೆ ಅದನ್ನು ಮತ್ತೆ ಸರಿಯಾಗಿ ಕೂರಿಸುವುದು ದುಸ್ಸಾಧ್ಯ. ಮೇಲಾಗಿ ಗ್ಯಾರಂಟಿ ಹೋಗುತ್ತದೆ, ಸಾಕ್ಷ್ಯವೂ ಹೋಗುತ್ತದೆ. ಗ್ರಾಂಟ್ ರೋಡಿನಿಂದ ಕಾಲ್ನಡಿಗೆಯಲ್ಲಿ ಹೋಗಬಹುದಾದ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಹಳೆಯ ದುರ್ಬೀನುಗಳೂ ಸಿಗುತ್ತವೆ. ಅಲ್ಲಿ ಕಣ್ಣೇ ಗ್ಯಾರಂಟಿ. ರಶೀದಿಯಿಲ್ಲದೆ ಕೊಂಡವನು ಮುಂದೆ ಕೊಂಡುದನ್ನೇ ರುಜುವಾತುಪಡಿಸಲು ಪಾಡುಪಡಬೇಕಾಗುತ್ತದೆ.

ಕಾನೂನು ಏನನ್ನುತ್ತದೆ

ಮೇಲೆ ಹೇಳಿದ ತರುಣನು ದುರ್ಬೀನನ್ನು ಹಿಂದಕ್ಕೆ ಒಯ್ದಾಗ ಅಂಗಡಿಯವರು ರಶೀದಿಯ ಅಡಿಯಲ್ಲಿ ಅಚ್ಚಾದ ಸಾಲನ್ನು ತೋರಿಸಿದರು: “ಒಮ್ಮೆ ಮಾರಿದ ಮಾಲನ್ನು ಹಿಂದಕ್ಕೆ ತೆಗೆದುಕೊಳ್ಳಲಾಗುವುದಿಲ್ಲ.” ಅಚ್ಚಾದ ಅಕ್ಷರ ಕಂಡೊಡನೆ ಅದೇ ಕಾನೂನೆಂದು ನಂಬುವ ಮುಗ್ಧತೆ ನಮ್ಮಲ್ಲಿದೆ. ಕಾನೂನು ಹೇಳುವುದು ಬೇರೆ.

1930ರ ಸರಕು ಮಾರಾಟ ಕಾಯಿದೆಯ 16ನೆಯ ಕಲಮಿನಂತೆ, ಅಂತಹ ಸರಕಿನ ವ್ಯಾಪಾರಿ ವಿವರಣೆಯ ಮೇರೆಗೆ ಮಾರಿದ ವಸ್ತು ಮಾರಾಟಯೋಗ್ಯ ಗುಣಮಟ್ಟದ್ದಾಗಿರಬೇಕು. ಕೊಳ್ಳುವವನು ಪರೀಕ್ಷಿಸಿ ಕೊಂಡಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ಕುಂದಿನ ಬಗ್ಗೆ ಅನಂತರ ದೂರುವಂತಿಲ್ಲ. ಮೇಲಿನ ಗೀರನ್ನು ಅಂಗಡಿಯಲ್ಲಿಯೇ ನೋಡಬೇಕು. ಒಳಗೆ ಅಡಗಿದ ದೋಷಕ್ಕೆ ಈ ತಡೆಯಿಲ್ಲ. ಭಾರತದಲ್ಲಿ 1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯಿದೆ ಬಂದಿತು. ಅದರ ಸ್ಥಾನದಲ್ಲಿ ಬಂದ 2019ರ ಕಾಯಿದೆಯು 2020ರ ಜುಲೈಯಿಂದ ಜಾರಿಯಲ್ಲಿದೆ. ಕುಂದುಳ್ಳ ಸರಕನ್ನು ರಶೀದಿಯಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲವಾದರೆ 30 ದಿನಗಳೊಳಗೆ ಹಿಂದೆ ಪಡೆದು ಹಣ ಕೊಡಲು ನಿರಾಕರಿಸುವುದನ್ನು ಈ ಕಾಯಿದೆ ಅನುಚಿತ ವ್ಯಾಪಾರ ಪದ್ಧತಿಯೆಂದು ಕರೆದಿದೆ. ರಶೀದಿ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ.

ಫೋನಿನ ಮೂಲಕ ತರಿಸಿಕೊಂಡವರಿಗೂ ರಕ್ಷಣೆಯುಂಟು. 2020ರ ಇ-ವಾಣಿಜ್ಯ ನಿಯಮಗಳಂತೆ, ಕುಂದುಳ್ಳ ಅಥವಾ ಜಾಹೀರಾತಿನಂತಿರದ ಮಾಲನ್ನು ಹಿಂದೆ ಪಡೆಯಲು ಮಾರಾಟಗಾರನು ನಿರಾಕರಿಸಕೂಡದು. ದೂರು ತಲುಪಿದುದನ್ನು 48 ಗಂಟೆಗಳಲ್ಲಿ ಒಪ್ಪಿ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಪೊಟ್ಟಣವನ್ನು ಬಿಚ್ಚುವಾಗಲೇ ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳುವುದು ಜಾಣತನ.

ಆದುದರಿಂದ ಕ್ರಮ ಹೀಗಿರಲಿ. ಮೊದಲು ಅಂಗಡಿಗೆ ಹೋಗಿ ಶಾಂತವಾಗಿ ಪರೀಕ್ಷೆಯನ್ನು ಮಾಡಿ ತೋರಿಸಿರಿ. ಒಪ್ಪದಿದ್ದರೆ ಪತ್ರ ಬರೆಯಿರಿ. ವಸ್ತುವಿನ ಹೆಸರು, ರಶೀದಿಯ ಸಂಖ್ಯೆ ಮತ್ತು ತಾರೀಕು, ಕುಂದು ಏನೆಂಬ ಒಂದು ವಾಕ್ಯ, ಬೇರೆ ದುರ್ಬೀನು ಬೇಕೋ ಹಣ ಬೇಕೋ ಎಂಬ ಮಾತು, ಹದಿನೈದು ದಿನಗಳ ಗಡುವು, ಇಷ್ಟು ಸಾಕು. ಬೈಗುಳು ಬೇಡ. ಪ್ರತಿಯೊಂದನ್ನು ಇಟ್ಟುಕೊಂಡು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿರಿ. ನಮ್ಮ ತರುಣನ ಕೆಲಸ ಇಂತಹ ಒಂದು ಪತ್ರದಿಂದಲೇ ಆಯಿತು; ಎಂಟನೆಯ ದಿನ ಅವನಿಗೆ ಬೇರೆ ದುರ್ಬೀನು ದೊರೆಯಿತು. ಅದನ್ನು ಅವನು ಅಂಗಡಿಯ ಬಾಗಿಲಲ್ಲಿಯೇ ನಿಂತು, ಎದುರಿನ ಕಟ್ಟಡದ ಮಾಡನ್ನು ನೋಡಿ ಪರೀಕ್ಷಿಸಿದ ಮೇಲೆಯೇ ಸಹಿ ಹಾಕಿದನು.

ಪತ್ರಕ್ಕೂ ಜಗ್ಗದಿದ್ದರೆ 1915 ಎಂಬ ಸಂಖ್ಯೆಗೆ ಫೋನ್ ಮಾಡಬೇಕು. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಅಹವಾಲು ಕೇಳಿಕೊಳ್ಳುತ್ತದೆ. ಗ್ರಾಹಕರ ಸಂಘಗಳಿಗೂ ಈ ನಗರವೇ ಹುಟ್ಟೂರು. ಕನ್ಸ್ಯೂಮರ್ ಗೈಡೆನ್ಸ್ ಸೊಸೈಟಿ 1966ರಲ್ಲಿಯೂ, ಮುಂಬಯಿ ಗ್ರಾಹಕ ಪಂಚಾಯತ್ 1975ರಲ್ಲಿಯೂ ಇಲ್ಲಿ ಸ್ಥಾಪಿತವಾದವು. ಕಡೆಯ ಬಾಗಿಲು ಜಿಲ್ಲಾ ಗ್ರಾಹಕ ಆಯೋಗ. ಕಾರಣ ಉಂಟಾದ ಎರಡು ವರ್ಷಗಳೊಳಗೆ ಅಲ್ಲಿ ದೂರು ಕೊಡಬೇಕು. ಐದು ಲಕ್ಷ ರೂಪಾಯಿಯವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ವಕೀಲರಿಲ್ಲದೆ ತಾನೇ ವಾದಿಸಬಹುದು. 2025ರಿಂದ ‘ಇ-ಜಾಗೃತಿ’ ಎಂಬ ಸರಕಾರಿ ತಾಣದ ಮೂಲಕ ಕುಳಿತಲ್ಲಿಂದಲೇ ದೂರು ಸಲ್ಲಿಸಬಹುದು. ಆಯೋಗವು ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಪರೀಕ್ಷೆ ಮಾಡಿಸಬಲ್ಲುದು. ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನವಾಗಬೇಕೆಂಬುದು ಕಾಯಿದೆಯ ಆಶಯ. ಆಚರಣೆಯಲ್ಲಿ ಹೆಚ್ಚು ಕಾಲ ಹಿಡಿಯುವುದುಂಟು.

ವಲಸೆ ಬಂದ ನಮ್ಮಂಥವರಿಗೆ ಮುಖ್ಯವಾದ ಅನುಕೂಲವೊಂದನ್ನು 2019ರ ಕಾಯಿದೆ ಕಲ್ಪಿಸಿದೆ. ಹಿಂದೆ ಎದುರು ಪಕ್ಷದವರ ಊರನ್ನೋ, ವ್ಯವಹಾರ ನಡೆದ ಊರನ್ನೋ ಹಿಡಿದು ದೂರು ಕೊಡಬೇಕಾಗಿತ್ತು. ಈಗ ದೂರುದಾರನು ತಾನು ವಾಸಿಸುವ ಅಥವಾ ದುಡಿಯುವ ಸ್ಥಳದ ಆಯೋಗದಲ್ಲಿಯೇ ದೂರು ಕೊಡಬಹುದು. ಮುಂಬಯಿಯಲ್ಲಿ ಕೊಂಡು, ಕೆಲಸ ಬಿಟ್ಟು ಊರಿನಲ್ಲಿ ನೆಲೆಸಿದವನು ಉಡುಪಿಯಲ್ಲಿಯೇ ನ್ಯಾಯ ಕೇಳಬಹುದಾಗಿದೆ.

ತಟ್ಟೆಯ ನ್ಯಾಯ

ಹಲವು ವರ್ಷ ಗಲ್ಲದ ಹಿಂದೆ ಕುಳಿತ ಅನುಭವದಿಂದ ಒಂದು ಮಾತನ್ನು ಹೇಳಲು ನಮಗೆ ಹಕ್ಕಿದೆಯೆಂದು ಭಾವಿಸುತ್ತೇವೆ. ಗಿರಾಕಿಯ ದೋಸೆ ಸೀದಿದ್ದರೆ ನಮ್ಮ ಮಾಣಿಗಳು ವಾದಿಸುವುದಿಲ್ಲ. ತಟ್ಟೆಯನ್ನು ಎತ್ತಿ ಒಳಗೆ ಒಯ್ದು ಬೇರೆ ತಂದಿಡುತ್ತಾರೆ. “ಒಮ್ಮೆ ಬಡಿಸಿದ್ದನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ” ಎಂಬ ಫಲಕವನ್ನು ನಾವು ಯಾವ ಕನ್ನಡ ಹೋಟೆಲಿನಲ್ಲಿಯೂ ಕಂಡಿಲ್ಲ. ದಿನಕ್ಕೆ ಹತ್ತಾರು ಸಲ ಈ ನ್ಯಾಯವನ್ನು ಪರರಿಗೆ ಸಲ್ಲಿಸುವವನೇ, ತಾನು ಗಿರಾಕಿಯಾಗಿ ನಿಂತಾಗ ಸೀದ ದೋಸೆಯನ್ನು ಸುಮ್ಮನೆ ತಿಂದು ಏಳುತ್ತಾನೆ. ನಾಲಿಗೆಯ ರುಚಿಯೇ ಕೆಟ್ಟಿರಬೇಕೆಂದು ತನ್ನನ್ನೇ ಹಳಿದುಕೊಳ್ಳುತ್ತಾನೆ. ಪರಸ್ಥಳದಲ್ಲಿ ಹೊಟ್ಟೆ ಹೊರೆಯಬೇಕಾದವರಿಗೆ ತಗ್ಗಿ ನಡೆಯುವುದು ಅಭ್ಯಾಸವಾಗಿ ಹೋಗಿದೆ. ವಿನಯ ಒಳ್ಳೆಯದೇ, ಆದರೆ ಪರರ ಕುಂದನ್ನು ತನ್ನ ಕಣ್ಣಿಗೆ ಅಂಟಿಸಿಕೊಳ್ಳುವುದು ವಿನಯವಲ್ಲ.

ಧಣಿಗಳಲ್ಲಿಯೂ ನಮ್ಮದೊಂದು ವಿನಂತಿ. ನೌಕರರು ಇಂತಹ ದೂರುಗಳನ್ನು ನಡುವೆಯೇ ಕೈಬಿಡುವುದು ಹಲವು ವೇಳೆ ಧೈರ್ಯ ಸಾಲದೆ ಅಲ್ಲ, ಸಮಯ ಸಾಲದೆ. ಅಂಗಡಿಗಳು ತೆರೆದಿರುವ ಹೊತ್ತಿಗೆ ಅವರು ಮೇಜಿನ ಬಳಿ ನಿಂತಿರುತ್ತಾರೆ. ರಶೀದಿ ಹಿಡಿದು ಬಂದ ಹುಡುಗನಿಗೆ ಮಧ್ಯಾಹ್ನದ ಎರಡು ಗಂಟೆ ಬಿಡುವು ಕೊಟ್ಟರೆ ಹೋಟೆಲು ಮುಳುಗುವುದಿಲ್ಲ. ಪತ್ರ ಬರೆಯಲು ಬಾರದವನಿಗೆ ಗುಮಾಸ್ತ ಬಂಧುಗಳು ಒಂದು ಹಾಳೆ ಬರೆದುಕೊಟ್ಟರೆ ಅದಕ್ಕಿಂತ ದೊಡ್ಡ ಸಮಾಜಸೇವೆ ಬೇರೆ ಬೇಕಿಲ್ಲ.

ಟ್ರಂಕಿನ ತಳದಲ್ಲಿ ದುರ್ಬೀನನ್ನು ಮಲಗಿಸಿಟ್ಟಿರುವ ವಾಚಕರು ಮುಂದಿನ ಬಿಡುವಿನ ದಿನ ಅದನ್ನು ಹೊರತೆಗೆದು ಚೌಪಾಟಿಗೆ ಒಯ್ಯಲಿ. ಕಡಲಿನ ಗೆರೆ ಎರಡು ವೃತ್ತಗಳಲ್ಲಿಯೂ ಸಮನಾಗಿದ್ದರೆ ಸಂತೋಷ. ಹಕ್ಕಿಗಳನ್ನೂ ಹಡಗುಗಳನ್ನೂ ನೋಡಿ ಬರಲಿ. ಸಮನಾಗಿಲ್ಲದಿದ್ದರೆ, ಕಣ್ಣಿನ ವೈದ್ಯರಲ್ಲಿಗೆ ಹೋಗುವ ಮುನ್ನ ರಶೀದಿಯನ್ನು ಹುಡುಕಲಿ.